ಲಟಾಕಿಯಾ ಬೆರೆತ ಪೈಪ್ ತಂಬಾಕು: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಶಿರಸಿಯವರೆಗೆ ನನಗೆ ಗೊತ್ತಿರುವ ಪೈಪು ಸೇದುವವರಲ್ಲಿ ಹೆಚ್ಚಿನವರು ಹಡಗಿನಲ್ಲಿ ದುಡಿದು ಊರಿಗೆ ಮರಳಿದವರು, ಇಲ್ಲವೇ ಅಂಥವರ ಮನೆಯ ಮಕ್ಕಳು. ಅವರು ಮಾತಿನ ನಡುವೆ ಕೇಳಿದ್ದನ್ನು, ಪತ್ರದಲ್ಲಿ ಬರೆದದ್ದನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಎಲ್ಲವೂ ಒಂದು ಬಗೆಯ ತಂಬಾಕಿನ ಸುತ್ತಲೇ ಇವೆ: ವರ್ಜೀನಿಯಾ, ಓರಿಯೆಂಟಲ್, ಲಟಾಕಿಯಾ, ಪೆರೀಕ್ ಈ ನಾಲ್ಕು ಬಗೆಯ ಎಲೆಗಳೂ ಸೇರಿದ ಮಿಶ್ರಣ. ಮೊದಲು ಡನ್‌ಹಿಲ್ ಹೆಸರಿನಲ್ಲಿ, ಈಗ ಪೀಟರ್ಸನ್ ಹೆಸರಿನಲ್ಲಿ ಬರುವ 'ನೈಟ್‌ಕ್ಯಾಪ್' ಈ ಬಗೆಯಲ್ಲಿ ಹೆಸರಾದದ್ದು.

ಇದನ್ನು ಈಗಾಗಲೇ ಸೇದುತ್ತಿರುವ ದೊಡ್ಡವರಿಗಾಗಿ ಬರೆದಿದ್ದೇನೆ. ಈವರೆಗೆ ತಂಬಾಕು ಮುಟ್ಟದವರು ಇದನ್ನು ಓದಿ ಶುರು ಮಾಡಬಾರದು. 21 ವರ್ಷ ತುಂಬದವರಿಗೆ ತಂಬಾಕು ಮಾರುವುದು ಕರ್ನಾಟಕದಲ್ಲಿ ಅಪರಾಧ.

## ಮೊದಮೊದಲು ಕೇಳುವವು

ಬೀಡಿ, ಸಿಗರೇಟಿಗೂ ಇದಕ್ಕೂ ಏನು ಫರಕು ಮಾರಾಯ್ರೆ? ಎಲ್ಲಾ ಹೊಗೆಯೇ ಅಲ್ವಾ?

ಸಿಗರೇಟಿನ ಹೊಗೆಯನ್ನು ಎದೆಗೆ ಎಳೆಯುತ್ತಾರೆ. ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಪೈಪಿನ ಹೊಗೆಯನ್ನು ಬಾಯಲ್ಲಿ ಆಡಿಸಿ ಬಿಡುತ್ತಾರೆ. ನಿಕೋಟಿನ್ ಬಾಯಿಯ ಒಳಪದರದ ಮೂಲಕ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಪೈಪಿನ ತಂಬಾಕನ್ನು ದಪ್ಪಗೆ ಹೆಚ್ಚಿರುತ್ತಾರೆ, ಅದರಲ್ಲಿ ತೇವ ಹೆಚ್ಚು. ಸುಡುವ ಕಾಗದವಾಗಲಿ ಬೀಡಿ ಎಲೆಯಾಗಲಿ ಇಲ್ಲದ ಕಾರಣ ತಂಬಾಕಿನದ್ದೇ ರುಚಿ ಬರುತ್ತದೆ. ಪೈಪಿನಲ್ಲಿ ತಂಬಾಕು ತುಂಬುವ ಭಾಗಕ್ಕೆ ಬಟ್ಟಲು ಎನ್ನುತ್ತಾರೆ; ಮಧ್ಯಮ ಗಾತ್ರದ ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆಯಾದರೂ ಬೇಕು. ಹತ್ತು ನಿಮಿಷ ಬಿಡುವಿದೆ ಎಂದು ಪೈಪು ಹಚ್ಚುವವರಿಗೆ ಇದರ ರುಚಿ ಎಂದೂ ಸಿಗುವುದಿಲ್ಲ.

ಹೊಗೆ ಒಳಗೆ ಎಳೆಯುವುದಿಲ್ಲವಲ್ಲ, ಹಾಗಾದರೆ ಅಪಾಯ ಇಲ್ಲ ತಾನೇ?

ಇದೆ. ತುಟಿ, ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರಿಗೆ ಪೈಪು ಕಾರಣವಾಗುತ್ತದೆ. ಎಳೆಯದಿದ್ದರೂ ಸ್ವಲ್ಪ ಹೊಗೆ ಒಳಗೆ ಹೋಗಿಯೇ ಹೋಗುತ್ತದೆ. ಮನೆಯ ಉಳಿದವರ ಎದೆಗೂ ಹೋಗುತ್ತದೆ. ಸಿಗರೇಟು ಬಿಟ್ಟು ಪೈಪು ಹಿಡಿದವರು ಹಳೆಯ ಅಭ್ಯಾಸದಂತೆ ಎದೆಗೇ ಎಳೆಯುತ್ತಾರೆ. ಅವರ ಅಪಾಯ ಇನ್ನೂ ಹೆಚ್ಚು. ಬಾಯಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಕಾಯದೆ ವೈದ್ಯರಿಗೆ ತೋರಿಸಿ. ಬಿಡಬೇಕೆಂದು ಮನಸ್ಸಾದ ದಿನ 1800 11 2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.

ಇದೆಲ್ಲ ಬ್ರಿಟಿಷ್ ಸಾಹೇಬರ ಚಟ, ನಮ್ಮದಲ್ಲ ಅಂತಾರೆ. ಹೌದಾ?

ಈಗಿನ ಬ್ರಯರ್ ಮರದ ಪೈಪು 19ನೇ ಶತಮಾನದ ನಡುವೆ ಯುರೋಪಿನಲ್ಲಿ ರೂಢಿಗೆ ಬಂತು. ಆದರೆ ತಂಬಾಕು ನಮ್ಮ ಕಡೆಗೆ ಬಂದದ್ದು ಬ್ರಿಟಿಷರಿಗಿಂತ ಮೊದಲು, ಪೋರ್ಚುಗೀಸರ ಹಡಗಿನಲ್ಲಿ. ವಿಜಾಪುರಕ್ಕೆ ಬಂದಿದ್ದ ಅಕ್ಬರನ ರಾಯಭಾರಿ ಅಸದ್ ಬೇಗ್ ಅಲ್ಲಿ ತಂಬಾಕು ಕಂಡು ಬೆರಗಾಗಿ, ರತ್ನ ಕೂರಿಸಿದ ನಳಿಕೆಯೊಂದಿಗೆ ಅದನ್ನು ಬಾದಶಹನ ಮುಂದೆ ತಂದಿಟ್ಟ. 1605ಕ್ಕೆ ಆಚೀಚೆಯ ಸಂಗತಿ. ಆಸ್ಥಾನದ ವೈದ್ಯ ಆಗಲೇ ಬೇಡವೆಂದಿದ್ದ. ನಮ್ಮ ಕರಾವಳಿಯೂ ಆ ಕಾಲಕ್ಕೆ ವಿಜಾಪುರದ ಆದಿಲಶಾಹಿಗಳ ಪ್ರಭಾವದಲ್ಲೇ ಇತ್ತು.

ಡಬ್ಬಿಯ ಮೇಲೆ ನಾಲ್ಕು ಎಲೆಗಳ ಹೆಸರಿದೆ. ಯಾವುದರ ಕೆಲಸ ಏನು?

ವರ್ಜೀನಿಯಾ ಬುನಾದಿ. ಬ್ಯಾರನ್ನಿನಲ್ಲಿ, ಎಂದರೆ ಎಲೆ ಬೇಯಿಸುವ ಮುಚ್ಚಿದ ಮನೆಯಲ್ಲಿ, ಹೊಗೆ ತಾಗದಂತೆ ಕೊಳವೆಯ ಕಾವಿನಿಂದ ಹದಮಾಡಿದ ಎಲೆ ಇದು. ಬೇಗ ಒಣಗುವುದರಿಂದ ಎಲೆಯ ಸಕ್ಕರೆ ಉಳಿಯುತ್ತದೆ. ಹಳದಿ ಎಲೆಯಲ್ಲಿ ಒಣಹುಲ್ಲು, ನಿಂಬೆ ಸಿಪ್ಪೆಯ ಛಾಯೆ. ಕೆಂಪು ಎಲೆಯಲ್ಲಿ ಸುಟ್ಟ ಬ್ರೆಡ್ಡಿನ, ಒಣ ಅಂಜೂರದ ಗಾಢತೆ. ಮಿಶ್ರಣದ ಸಿಹಿಯೆಲ್ಲ ಇದರದ್ದೇ. ಜೋರಾಗಿ ಎಳೆದರೆ ನಾಲಿಗೆ ಉರಿಸುವುದೂ ಇದೇ.

ಓರಿಯೆಂಟಲ್ ಎಂದರೆ ಟರ್ಕಿ, ಗ್ರೀಸ್, ಮ್ಯಾಸಿಡೋನಿಯಾ ಕಡೆಯ ಪುಟ್ಟ ಎಲೆ, ಬಿಸಿಲಿಗೆ ಒಣಗಿಸಿದ್ದು. ತೆಳುವಾದ ಹುಳಿ, ಒಣ ಸೊಪ್ಪಿನ ಘಮ, ಸ್ವಲ್ಪ ಚರ್ಮದ ವಾಸನೆ. ಹೊಸಬರು ಇದನ್ನು ಗಮನಿಸುವುದೇ ಇಲ್ಲ. ನನ್ನ ಮಟ್ಟಿಗೆ ಈ ಮಿಶ್ರಣವನ್ನು ನಿಲ್ಲಿಸಿರುವುದೇ ಇದು: ಇದಿಲ್ಲದಿದ್ದರೆ ಒಂದು ಕಡೆ ಬರೀ ಸಿಹಿ, ಇನ್ನೊಂದು ಕಡೆ ಬರೀ ಹೊಗೆ, ನಡುವೆ ಖಾಲಿ.

ಲಟಾಕಿಯಾ ಮೂಲದಲ್ಲಿ ಓರಿಯೆಂಟಲ್ ಜಾತಿಯದ್ದೇ. ಬಿಸಿಲಿಗೆ ಒಣಗಿದ ಎಲೆಯನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ತೂಗುಹಾಕಿ, ಕೆಳಗೆ ಪರಿಮಳದ ಪೊದೆ, ಮರದ ಕಟ್ಟಿಗೆಯನ್ನು ಉರಿಯೇಳದಂತೆ ಹೊಗೆಯಾಡಿಸುತ್ತಾರೆ. ವಾರಗಟ್ಟಲೆ ಹೊಗೆ ಕುಡಿದ ಎಲೆ ಕಪ್ಪಾಗಿ ಹೊರಬರುತ್ತದೆ. ಸಿರಿಯಾದ ಬಂದರಿನಿಂದ ಈ ಹೆಸರು ಬಂತು. ಈಗ ಡಬ್ಬಿಗಳಲ್ಲಿ ಬರುವುದು ಮುಖ್ಯವಾಗಿ ಸೈಪ್ರಸ್ ಬಗೆಯದು.

ಪೆರೀಕ್ ಬೆಳೆಯುವುದು ಅಮೆರಿಕದ ಲೂಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್ ಎಂಬ ಸಣ್ಣ ಸೀಮೆಯಲ್ಲಿ. ಎಲೆಯನ್ನು ವಿಸ್ಕಿ ಪೀಪಾಯಿಗೆ ತುಂಬಿ, ತಿರುಪಿನ ಜಾಕಿನಿಂದ ಅದುಮಿ, ತನ್ನದೇ ರಸದಲ್ಲಿ ಹುಳಿಯಲು ಬಿಡುತ್ತಾರೆ. ನಡುನಡುವೆ ತೆಗೆದು ಗಾಳಿಗೆ ಹಾಕಿ ಮತ್ತೆ ಅದುಮುತ್ತಾರೆ. ಹೀಗೆ ವರ್ಷ ಕಳೆದ ಮೇಲೆ ಬೇಯಿಸಿದ ಹಣ್ಣಿನ ವಾಸನೆ, ಕಾಳುಮೆಣಸಿನ ಚುರುಕು ಬರುತ್ತದೆ. ಮಿಶ್ರಣದಲ್ಲಿ ಇದರ ಪಾಲು ಚಿಕ್ಕದು. ಮೂಗಿನಿಂದ ಹೊಗೆ ಬಿಟ್ಟಾಗ ತಾನಿದ್ದೇನೆಂದು ತೋರಿಸುತ್ತದೆ.

ನಮ್ಮ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಇದರಲ್ಲಿ ಇರುತ್ತದಾ?

ಅಲ್ಲಿಯದು ವರ್ಜೀನಿಯಾ ಜಾತಿಯೇ, ಬ್ಯಾರನ್ನಿನಲ್ಲೇ ಬೇಯುತ್ತದೆ, ತಂಬಾಕು ಮಂಡಳಿಯ ಹರಾಜಿನಲ್ಲಿ ಮಾರಾಟವಾಗುತ್ತದೆ. ಬಹುಪಾಲು ಸಿಗರೇಟಿಗೂ ರಫ್ತಿಗೂ ಹೋಗುತ್ತದೆ. ಪೈಪಿನ ಡಬ್ಬಿಯ ಮೇಲೆ ಎಲೆಯ ಜಾತಿ ಬರೆಯುತ್ತಾರೆ, ಊರು ಬರೆಯುವುದು ಅಪರೂಪ.

## ರುಚಿ, ವಾಸನೆ

ಡಬ್ಬಿ ತೆರೆದರೆ ಉಪ್ಪಾಗೆ ಒಣಗಿಸುವ ಅಟ್ಟದ ವಾಸನೆ! ಕೆಟ್ಟುಹೋಗಿದೆಯಾ?

ಕೆಟ್ಟಿಲ್ಲ, ಸರಿಯಾಗಿಯೇ ಇದೆ. ಶಿರಸಿಯಿಂದ ಬಂದ ಈ ಪ್ರಶ್ನೆ ಲಟಾಕಿಯಾವನ್ನು ನನಗಿಂತ ಚೆನ್ನಾಗಿ ವಿವರಿಸುತ್ತದೆ. ಮಳೆಗಾಲದಲ್ಲಿ ಉಪ್ಪಾಗೆ ಎಂಬ ಹುಳಿಹಣ್ಣಿನ ಸಿಪ್ಪೆಯನ್ನು ಒಲೆಯ ಮೇಲಿನ ತಟ್ಟಿಯಲ್ಲಿ ಹರಡಿ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುವಂತೆಯೇ ಇದನ್ನೂ ಮಾಡಿರುತ್ತಾರೆ. ಹುಳಿ, ಹೊಗೆ, ಸ್ವಲ್ಪ ಉಪ್ಪು ಸೇರಿದ ವಾಸನೆ ಎರಡರಲ್ಲೂ ಇದೆ. ಡಬ್ಬಿಯಲ್ಲಿ ಮೂಗಿಗೆ ಬಡಿಯುವಷ್ಟು ಅದು ಬಾಯಲ್ಲಿ ಇರುವುದಿಲ್ಲ. ತೆರೆದು ಒಂದು ದಿನ ಬಿಟ್ಟರೆ ಹೊಗೆ ತಗ್ಗಿ, ಅಡಿಯಲ್ಲಿದ್ದ ವರ್ಜೀನಿಯಾದ ಸಿಹಿ ಮೇಲೇಳುತ್ತದೆ. ನಿಜವಾಗಿ ಕೆಟ್ಟ ತಂಬಾಕಿನದ್ದು ಬೇರೆಯೇ ವಾಸನೆ: ಮುಗ್ಗಲು.

ಡಬ್ಬಿಯಲ್ಲಿ ಅಷ್ಟೊಂದು ಪರಿಮಳ, ಸೇದಿದರೆ ಬರೀ ಬಿಸಿ ಆವಿ. ಮೋಸ ಹೋದೆನಾ?

ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಕಾರಣ ಹೆಚ್ಚುಪಾಲು ಒಂದೇ: ತಂಬಾಕು ಒದ್ದೆ, ಎಳೆತ ಜೋರು. ಒದ್ದೆ ಎಲೆ ಉರಿಯಬೇಕಾದರೆ ಮೊದಲು ಅದರ ನೀರು ಆವಿಯಾಗಬೇಕು. ಆ ನೀರನ್ನು ಓಡಿಸಲು ನೀವು ಹೆಚ್ಚು ಎಳೆಯುತ್ತೀರಿ, ಕಾವು ಏರುತ್ತದೆ, ಬಾಯಿಗೆ ಆವಿ ಬರುತ್ತದೆ. ರುಚಿ ಕೊಡುವ ಎಣ್ಣೆಯಂಶಗಳು ಮೆಲ್ಲನೆ ಬಿಸಿಯಾಗಿ ಹೊರಬರಬೇಕು. ಕಾವು ಮಿತಿಮೀರಿದರೆ ಅವು ಸುಟ್ಟುಹೋಗಿ ಕಹಿ ಮಾತ್ರ ಉಳಿಯುತ್ತದೆ. ದುಬಾರಿ ಡಬ್ಬಿ ತರಿಸಿಕೊಂಡು ರುಚಿಯಿಲ್ಲವೆಂದು ಬಿಸಾಡುವ ಮೊದಲು ಅದೇ ತಂಬಾಕನ್ನು ಒಣಗಿಸಿ, ಅರ್ಧ ವೇಗದಲ್ಲಿ ಒಮ್ಮೆ ಸೇದಿ ನೋಡಿ. ನಮ್ಮ ಹವೆಯಲ್ಲಿ ಡಬ್ಬಿ ಬದಲಿಸುವುದಕ್ಕಿಂತ ತೇವ ಸರಿಮಾಡಿಕೊಳ್ಳುವುದೇ ದೊಡ್ಡ ಬದಲಾವಣೆ ತರುತ್ತದೆ.

ಶುರುವಿನ ರುಚಿ ಕೊನೆಗೆ ಇರುವುದಿಲ್ಲ. ಇದು ಸಹಜವಾ?

ಸಹಜ. ಮೊದಲ ಕಾಲುಭಾಗದಲ್ಲಿ ಲಟಾಕಿಯಾದ ಹೊಗೆ, ಓರಿಯೆಂಟಲ್ಲಿನ ಹುಳಿ ಮುಂದಿರುತ್ತವೆ. ನಡುವೆ ವರ್ಜೀನಿಯಾದ ಸಿಹಿ ತುಂಬಿಕೊಳ್ಳುತ್ತದೆ. ನನಗೆ ಇಷ್ಟವಾದ ಭಾಗ ಇದೇ. ಮೇಲಿನ ಎಲೆಯ ಟಾರು, ನಿಕೋಟಿನ್, ತೇವ ಕೆಳಗಿಳಿದು ಸೇರುವುದರಿಂದ ಅರ್ಧ ದಾಟಿದ ಮೇಲೆ ಪೆರೀಕಿನ ಖಾರ, ಒಟ್ಟು ಗಡಸುತನ ಏರುತ್ತವೆ. ಬುಡ ಕಹಿಯಾಗಿ ಒದ್ದೆಯಾದರೆ ಅಲ್ಲಿಗೇ ನಿಲ್ಲಿಸಿ, ಉಳಿದದ್ದನ್ನು ತೆಗೆದುಬಿಡಿ. ಕೊನೆಯ ಎಳೆಯವರೆಗೂ ಸುಡಲೇಬೇಕೆಂಬ ನಿಯಮವಿಲ್ಲ.

ಭಾವ, ಆನು ದಿನಾ ಕವಳ ಹಾಕ್ತಿ. ಎಂಗೆ ಇದ್ರ ರುಚಿ ಗೊತ್ತಾಗ್ತಾ?

ಭಾವ, ಕವಳ ಹಾಕಿದ ಬಾಯಿಗೆ ಗೊತ್ತಾಗುವುದು ಕಷ್ಟ. ಸುಣ್ಣದ ಕ್ಷಾರ ಬಾಯಿಯ ಒಳಪದರವನ್ನು ಕೆರಳಿಸಿರುತ್ತದೆ, ಅಡಿಕೆಯ ಒಗರು ನಾಲಿಗೆಯನ್ನು ಬಿಗಿಹಿಡಿದಿರುತ್ತದೆ. ಓರಿಯೆಂಟಲ್ಲಿನ ಸೂಕ್ಷ್ಮ ಹುಳಿ ಅಂಥ ಬಾಯಿಗೆ ಕಾಣುವುದೇ ಇಲ್ಲ. ಲಟಾಕಿಯಾ ಮಾತ್ರ ಮೂಗಿನ ದಾರಿಯಿಂದ ಸ್ವಲ್ಪ ತಿಳಿದೀತು. ಆದರೆ ರುಚಿಗಿಂತ ದೊಡ್ಡ ಮಾತು ಬೇರೆ ಇದೆ. ಅಡಿಕೆ ನಮ್ಮ ತೋಟದ ಅನ್ನ, ಶಿರಸಿಯ ಮರ್ಯಾದೆ, ಒಪ್ಪಿದೆ. ಹಾಗಿದ್ದೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ ತಂಬಾಕನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲೇ ಇಟ್ಟಿದೆ. ಎಲೆ, ಅಡಿಕೆ, ತಂಬಾಕಿನ ಕವಳ ಒಂದು ಕಡೆ, ಪೈಪು ಇನ್ನೊಂದು ಕಡೆ ಎಂದರೆ ಒಂದೇ ಬಾಯಿಗೆ ಎರಡೆರಡು ಏಟು. ಎರಡೂ ಬೇಡ ಭಾವ.

ಜೊತೆಗೆ ಕುಡಿಯಲು ಏನು ಚೆನ್ನ?

ನೀರು. ಸಂಜೆಯಾದರೆ ಜೀರಿಗೆ, ಕೊತ್ತಂಬರಿಯ ಕಷಾಯ, ಬೆಲ್ಲ ಕಡಿಮೆ ಹಾಕಿದ್ದು. ಹಾಲಿನ ಕೊಬ್ಬು ನಾಲಿಗೆಯ ಮೇಲೆ ಪದರ ಕಟ್ಟುವುದರಿಂದ ಹಾಲೂ ಕಡಿಮೆಯಿರಲಿ. ಖಾರದ ಮೀನುಸಾರು ಉಂಡ ತಕ್ಷಣ ಪೈಪು ಹಚ್ಚಬೇಡಿ, ಉರಿಯುವ ನಾಲಿಗೆಗೆ ಯಾವ ತಂಬಾಕೂ ಹಿತವಾಗದು.

## ಸೇದುವ ಕ್ರಮ

ಎರಡು ಸಲ ಸೇದಿದೆ, ನಾಲಿಗೆ ಸುಟ್ಟ ಹಾಗಾಯ್ತು. ತಂಬಾಕು ಖಾರವಾ?

ಪೆರೀಕಿನ ಖಾರ ಮೂಗಿಗೂ ಗಂಟಲಿಗೂ ತಾಗುತ್ತದೆ, ಆಮೇಲೆ ಇಳಿಯುತ್ತದೆ. ನಾಲಿಗೆಯ ತುದಿ ಮರುದಿನವೂ ಹುರಿದಂತಿದ್ದರೆ ಅದು ಬಿಸಿ ಆವಿಯ ಕೆಲಸ. ಹೊಗೆ ಬರುವುದು ತೀರ ಕಡಿಮೆಯಾಯಿತಲ್ಲ ಎಂದು ಅನ್ನಿಸುವಷ್ಟು ಮೆಲ್ಲಗೆ ಎಳೆಯಿರಿ. ಬಟ್ಟಲನ್ನು ಕೆನ್ನೆಗೆ ತಾಗಿಸಿ ನೋಡಿ: ಹಿಡಿಯಲಾರದಷ್ಟು ಬಿಸಿಯಿದ್ದರೆ ಕೆಳಗಿಟ್ಟು ಆರಲು ಬಿಡಿ. ಉರಿ ಹತ್ತಿದ ನಾಲಿಗೆಗೆ ಎರಡು ಮೂರು ದಿನ ಪೈಪಿಲ್ಲದಿರುವುದೇ ಮದ್ದು.

ಪದೇ ಪದೇ ಆರಿಹೋಗುತ್ತದೆ, ಕಡ್ಡಿಪೆಟ್ಟಿಗೆಯೇ ಖಾಲಿ. ತುಂಬುವುದು ಹೇಗೆ?

ಈ ಮಿಶ್ರಣ ಎಳೆಎಳೆಯಾಗಿ ಹೆಚ್ಚಿದ್ದು. ಎಳೆಗಳನ್ನು ಬಿಡಿಸಿ ಉದುರಿಸುತ್ತ ಬಟ್ಟಲು ತುಂಬಿ, ಬೆರಳಿನಿಂದ ಅರ್ಧಕ್ಕೆ ಇಳಿಸಿ. ಮತ್ತೆ ತುಂಬಿ, ಸ್ವಲ್ಪ ಬಿಗಿಯಾಗಿ ಮುಕ್ಕಾಲಿಗೆ ಇಳಿಸಿ. ಮೂರನೆಯ ಸಲ ಅಂಚಿಗೆ ಸ್ವಲ್ಪ ಕೆಳಗೆ ನಿಲ್ಲುವಂತೆ ತುಂಬಿ. ಈಗ ಹಚ್ಚದೆ ಎಳೆದು ನೋಡಿ. ಗಾಳಿ ತಡೆಯಿಲ್ಲದೆ ಬಂದರೆ ಸಡಿಲ, ಕೆನ್ನೆ ಒಳಗೆ ಹೋದರೆ ಬಿಗಿ. ಬಿಗಿಯಾದರೆ ಎಲ್ಲ ತೆಗೆದು ಮೊದಲಿನಿಂದ ತುಂಬಿ, ಕಡ್ಡಿಯಿಂದ ತೂತು ಕೊರೆಯಬೇಡಿ.

ಮೊದಲ ಸಲ ಹಚ್ಚಿದಾಗ ಎಲೆ ಉಬ್ಬಿ ಮೇಲೇಳುತ್ತದೆ. ಅದನ್ನು ಒತ್ತುಗೋಲಿನಿಂದ ಮೆಲ್ಲಗೆ ಸಮಮಾಡಿ ಎರಡನೆಯ ಸಲ ಹಚ್ಚಬೇಕು. ನಿಜವಾದ ಉರಿ ಶುರುವಾಗುವುದು ಆಗ. ಕಾರವಾರದಲ್ಲಿ ಕಡಲ ಕಡೆಯ ಜಗಲಿಯಲ್ಲಿ ಕೂತರೆ ಗಾಳಿಯೇ ಬೆಂಕಿಯನ್ನು ಊದಿ ಕಾವು ಏರಿಸುತ್ತದೆ. ಗೋಡೆಯ ಮರೆಗೆ ಬನ್ನಿ. ಬೀಚು, ಬಸ್‌ಸ್ಟ್ಯಾಂಡು, ಹೋಟೆಲು ಬೇಡವೇ ಬೇಡ. ಸಾರ್ವಜನಿಕ ಸ್ಥಳದಲ್ಲಿ ಸೇದುವುದಕ್ಕೆ ಕಾನೂನಿನ ನಿಷೇಧವಿದೆ, ದಂಡವೂ ಇದೆ. ಪದೇ ಪದೇ ಆರುವುದರ ಬಗ್ಗೆ ಚಿಂತೆ ಬೇಡ. ಮೆಲ್ಲಗೆ ಸೇದುವವರ ಪೈಪು ನಾಲ್ಕೈದು ಸಲ ಆರುತ್ತದೆ.

ಅರ್ಧ ಬಟ್ಟಲಿಗೇ ತಲೆ ತಿರುಗಿ ಬೆವರು ಬಂತು. ಕಪ್ಪು ಎಲೆ ಅಷ್ಟು ಸ್ಟ್ರಾಂಗಾ?

ಕಪ್ಪು ಎಲೆಯಲ್ಲಿ, ಎಂದರೆ ಲಟಾಕಿಯಾದಲ್ಲಿ, ನಿಕೋಟಿನ್ ಹೆಚ್ಚಿಲ್ಲ. ಅದರ ವಾಸನೆ ದೊಡ್ಡದು, ಅಷ್ಟೇ. ಏಟು ಬರುವುದು ಪೆರೀಕಿನಿಂದ, ಗಾಢ ವರ್ಜೀನಿಯಾದಿಂದ. ನೈಟ್‌ಕ್ಯಾಪ್ ರಾತ್ರಿ ಊಟದ ನಂತರಕ್ಕೆಂದು ಮಾಡಿದ ಗಟ್ಟಿ ಮಿಶ್ರಣ. ಖಾಲಿ ಹೊಟ್ಟೆಗೆ ತಾಳುವುದಿಲ್ಲ. ಬಿಕ್ಕಳಿಕೆ, ಬಾಯಲ್ಲಿ ನೀರೂರುವುದು, ತಣ್ಣನೆ ಬೆವರು ಬಂದರೆ ಕೂಡಲೇ ನಿಲ್ಲಿಸಿ, ಗಾಳಿಯಿರುವಲ್ಲಿ ಕೂತು ನೀರು ಕುಡಿಯಿರಿ. ಎದೆನೋವು ಬಂದರೆ, ಎಚ್ಚರ ತಪ್ಪಿದಂತಾದರೆ ಆಸ್ಪತ್ರೆಗೆ ಹೋಗಿ.

## ಮಳೆಗಾಲ

ಜೂನ್ ಬಂದರೆ ತಂಬಾಕು ಹಿಂಡಿದರೆ ನೀರು ಬರುವ ಹಾಗೆ ಆಗುತ್ತದೆ. ಏನು ಮಾಡುವುದು?

ಬೇರೆ ಊರಿನವರು ತಂಬಾಕು ಒಣಗಿ ಪುಡಿಯಾಗದಂತೆ ಕಾಯುತ್ತಾರೆ, ನಮ್ಮ ಕಷ್ಟ ತದ್ವಿರುದ್ಧ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ; ಜುಲೈಯಲ್ಲಿ ಗಾಳಿಯ ತೇವ 90 ಶೇಕಡಾ ಮುಟ್ಟುತ್ತದೆ. ಪೈಪಿನ ತಂಬಾಕಿಗೆ ಹದವಾದದ್ದು ಸುಮಾರು 60ರಿಂದ 65 ಶೇಕಡಾ ತೇವದ ಗಾಳಿ. ತೆರೆದಿಟ್ಟ ಎಲೆ ಸುತ್ತಲಿನ ಗಾಳಿಗೆ ಸಮನಾಗುವವರೆಗೆ ನೀರು ಹೀರುತ್ತಲೇ ಇರುತ್ತದೆ. ಅದಕ್ಕೇ 'ತಟ್ಟೆಯಲ್ಲಿ ಅರ್ಧ ಗಂಟೆ ಹರಡಿ' ಎಂಬ ಪರದೇಶದ ಸಲಹೆ ಏಪ್ರಿಲಿನಲ್ಲಿ ನಮಗೂ ನಡೆಯುತ್ತದೆ, ಜುಲೈಯಲ್ಲಿ ಇನ್ನಷ್ಟು ಒದ್ದೆ ಮಾಡುತ್ತದೆ.

ಹಾಗಾಗಿ ಒಣಹವೆಯ ದಿನಗಳಲ್ಲೇ, ಮೇ ಕಳೆಯುವುದರೊಳಗೆ, ಮಳೆಗಾಲಕ್ಕೆ ಬೇಕಾದಷ್ಟನ್ನು ಹದಕ್ಕೆ ತಂದು ರಬ್ಬರ್ ಬಳೆಯ ಮುಚ್ಚಳವಿರುವ ಚಿಕ್ಕ ಚಿಕ್ಕ ಗಾಜಿನ ಬಾಟಲಿಗಳಲ್ಲಿ ತುಂಬಿಡಿ. ದೊಡ್ಡ ಬಾಟಲಿಯಾದರೆ ತೆರೆದಾಗಲೆಲ್ಲ ಇಡೀ ದಾಸ್ತಾನಿಗೆ ಮಳೆಯ ಗಾಳಿ ತಾಗುತ್ತದೆ. ಉಪ್ಪಿನಕಾಯಿಯ ಭರಣಿ ಬೇಡ, ಮುಚ್ಚಳ ಬಿಗಿಯಲ್ಲ, ಹಳೆಯ ವಾಸನೆಯೂ ಬಿಡುವುದಿಲ್ಲ. ಆ ಹೊತ್ತಿಗೇ ಒಣಗಿಸಬೇಕಾಗಿ ಬಂದರೆ ಒಂದು ಬಟ್ಟಲಿಗೆ ಬೇಕಾದಷ್ಟನ್ನು ಕಾಗದದ ಮೇಲೆ ಹರಡಿ, ಹಳೆಯ ತಂತಿಯ ಬಲ್ಬಿನ ಟೇಬಲ್ ದೀಪದ ಕೆಳಗೆ ಒಂದು ಗೇಣು ದೂರದಲ್ಲಿಡಿ. ಎಲ್ಇಡಿ ದೀಪಕ್ಕೆ ಅಷ್ಟು ಕಾವಿಲ್ಲ. ಬಚ್ಚಲೊಲೆಯ ಹತ್ತಿರ ಇಟ್ಟರೆ ಬೂದಿ, ತೆಂಗಿನ ಸಿಪ್ಪೆಯ ಹೊಗೆ ಸೇರಿ ಓರಿಯೆಂಟಲ್ಲಿನ ರುಚಿ ಸತ್ತೇ ಹೋಗುತ್ತದೆ.

ಹದ ತಿಳಿಯುವುದು ಬೆರಳಿಗೆ. ಒಂದು ಚಿಟಿಕೆ ಅದುಮಿ ಬಿಡಿ: ಮುದ್ದೆಯಾಗಿಯೇ ಉಳಿದರೆ ಒದ್ದೆ, ಚಟಪಟ ಮುರಿದರೆ ಅತಿ ಒಣ, ಮೆಲ್ಲಗೆ ಬಿಚ್ಚಿಕೊಂಡರೆ ಸರಿ.

ತಂಬಾಕಿನ ಮೇಲೆ ಬಿಳಿ ಬಿಳಿ ಬಂದಿದೆ. ಸಕ್ಕರೆ ಹರಳು ಅಂತಾರೆ, ಸೇದಬಹುದಾ?

ಹಳೆಯ ವರ್ಜೀನಿಯಾದ ಮೇಲೆ ಮಿನುಗುವ ಸಣ್ಣ ಹರಳು ಕಟ್ಟುವುದುಂಟು. ಆದರೆ ನಮ್ಮ ಹವೆಯಲ್ಲಿ ಕಾಣುವ ಬಿಳಿಯನ್ನು ಮೊದಲು ಬೂಸು ಎಂದೇ ತಿಳಿಯಿರಿ. ಭೂತಗನ್ನಡಿ ಹಿಡಿದು ನೋಡಿದಾಗ ಹತ್ತಿಯಂಥ ಎಳೆ ಕಂಡರೆ, ಮುಗ್ಗಲು ವಾಸನೆ ಬಂದರೆ ಇಡೀ ಬಾಟಲಿಯನ್ನು ಎಸೆಯಿರಿ. ಮೇಲಿನದ್ದನ್ನಷ್ಟೇ ತೆಗೆದರೆ ಸಾಲದು. ಕಣ್ಣಿಗೆ ಕಾಣದ್ದು ಒಳಗೆ ಹರಡಿರುತ್ತದೆ. ಬಾಟಲಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗಿಡಿ.

ಪೈಪಿನ ಕರಿ ಕೊಳವೆ ಹಸಿರು ಹಳದಿ ಆಗಿದೆ, ಬಾಯಿಗೆ ಗಂಧಕದ ರುಚಿ. ತಂಬಾಕಿನಿಂದಲಾ?

ಕೊಳವೆಯಿಂದ. ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರು ಅದು. ಬಿಸಿಲು, ಎಂಜಲು, ತೇವ ತಾಗಿ ಮೇಲ್ಮೈ ಬಣ್ಣಗೆಡುತ್ತದೆ. ನಯವಾದ ಉಜ್ಜುಕಾಗದದಿಂದ ತಿಕ್ಕಿ, ಒಂದು ಹನಿ ಆಲಿವ್ ಎಣ್ಣೆ ಸವರಿ ಒರೆಸಿ. ಸೇದಿದ ಮೇಲೆ ಪ್ರತಿ ಸಲ ಒದ್ದೆ ಬಟ್ಟೆಯಿಂದ ಒರೆಸಿ ಕಪಾಟಿನೊಳಗೆ ಇಟ್ಟರೆ ಬಹುಕಾಲ ಕಪ್ಪಾಗಿಯೇ ಇರುತ್ತದೆ. ಅಕ್ರಿಲಿಕ್ ಕೊಳವೆಗೆ ಈ ತೊಂದರೆ ಇಲ್ಲ, ಆದರೆ ಹಲ್ಲಿಗೆ ಗಡಸು.

## ಸ್ವಲ್ಪ ಆಳಕ್ಕೆ

ಇದನ್ನು ಸೇದಿದ ಪೈಪಿನಲ್ಲಿ ಬೇರೆ ಯಾವ ತಂಬಾಕು ಹಾಕಿದರೂ ಇದರದ್ದೇ ವಾಸನೆ. ಹೋಗುವುದಿಲ್ಲವಾ?

ಬ್ರಯರ್ ಎಂದರೆ ಮೆಡಿಟರೇನಿಯನ್ ತೀರದ ಒಂದು ಪೊದೆಯ ಬೇರುಗಂಟು. ಕಾವು ತಾಳುತ್ತದೆ, ತೇವ ಹೀರುತ್ತದೆ. ಹೀರುವಾಗ ವಾಸನೆಯನ್ನೂ ಹಿಡಿದಿಡುತ್ತದೆ. ಲಟಾಕಿಯಾ ಅದರಲ್ಲಿ ಬಲವಾಗಿ ಉಳಿಯುವ ಎಲೆ. ಆದ್ದರಿಂದ ಒಂದು ಪೈಪನ್ನು ಇದಕ್ಕೇ ಮೀಸಲಿಡಿ. ತೊಳೆಯಲೇಬೇಕಾದರೆ ಬಟ್ಟಲಿನೊಳಗೆ ಹತ್ತಿ ತುರುಕಿ, ಕುಡಿಯಲು ಯೋಗ್ಯವಾದ ಗಟ್ಟಿ ಮದ್ಯವನ್ನು ಹನಿಹನಿಯಾಗಿ ಹಾಕಿ ಒಂದು ರಾತ್ರಿ ಬಿಡಿ. ಕಂದು ಟಾರು ಹತ್ತಿಗೆ ಏರುತ್ತದೆ. ಬಣ್ಣದಂಗಡಿಯ ಸ್ಪಿರಿಟ್ಟಿನಲ್ಲಿ ವಿಷ ಬೆರೆಸಿರುತ್ತಾರೆ, ಅದನ್ನು ಮುಟ್ಟಬೇಡಿ. ಬಟ್ಟಲಿನ ಒಳಗಿನ ಮಸಿಯ ಪದರ ಒಂದು ಮಿಲಿಮೀಟರಿನಷ್ಟಿದ್ದರೆ ಸಾಕು. ದಪ್ಪವಾದರೆ ಹಿಗ್ಗಿ ಮರವನ್ನೇ ಸೀಳುತ್ತದೆ.

ಡನ್‌ಹಿಲ್ ಹೆಸರಿನ ಹಳೆಯ ಡಬ್ಬಿಯೂ ಈಗಿನ ಪೀಟರ್ಸನ್ ಡಬ್ಬಿಯೂ ಒಂದೇನಾ?

ಆಲ್ಫ್ರೆಡ್ ಡನ್‌ಹಿಲ್ 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ಅಂಗಡಿ ಇಟ್ಟು, ಗಿರಾಕಿಯ ನಾಲಿಗೆಗೆ ತಕ್ಕಂತೆ ಎಲೆ ಬೆರೆಸಿಕೊಟ್ಟು, ಅಳತೆಯನ್ನು ಸಂಖ್ಯೆ ಹಾಕಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 'ಮೈ ಮಿಕ್ಸ್ಚರ್ 965' ಎಂಬ ಹೆಸರು ಅಲ್ಲಿಂದ ಬಂದದ್ದು. ಮುಂದೆ ಈ ಮಿಶ್ರಣಗಳು ಬೆಲ್‌ಫಾಸ್ಟಿನ ಮರ್ರೇಸ್ ಕಾರ್ಖಾನೆಗೆ, ಅಲ್ಲಿಂದ ಡೆನ್ಮಾರ್ಕಿಗೆ ಹೋದವು. 2018ರ ಹೊತ್ತಿಗೆ ಡನ್‌ಹಿಲ್ ಹೆಸರಿನ ಪೈಪ್ ತಂಬಾಕು ನಿಂತು, ಮರುವರ್ಷ ಅವೇ ಮಿಶ್ರಣಗಳು ಪೀಟರ್ಸನ್ ಹೆಸರಿನಲ್ಲಿ ಬಂದವು. ಡೆನ್ಮಾರ್ಕಿನ ಕೊನೆಯ ಡನ್‌ಹಿಲ್ ಡಬ್ಬಿಗೂ ಈಗಿನದಕ್ಕೂ ನನ್ನ ನಾಲಿಗೆಗೆ ವ್ಯತ್ಯಾಸ ಸಿಗುವುದಿಲ್ಲ. ಹಡಗಿನವರು ದಶಕಗಳ ಹಿಂದೆ ತಂದಿಟ್ಟ ಬೆಲ್‌ಫಾಸ್ಟ್ ಡಬ್ಬಿಯೊಂದಿಗೆ ಹೋಲಿಸಿದರೆ ವ್ಯತ್ಯಾಸ ಕಾಣುವುದು ಖಂಡಿತ. ಅದರಲ್ಲಿ ಎಷ್ಟು ಪಾಲು ಕಾರ್ಖಾನೆಯದು, ಎಷ್ಟು ಪಾಲು ವಯಸ್ಸಿನದು ಎಂದು ಬಿಡಿಸಲಾಗದು.

ಇಟ್ಟಷ್ಟೂ ರುಚಿ ಹೆಚ್ಚುತ್ತದೆ ಅಂತಾರೆ. ಎಷ್ಟು ವರ್ಷ ಇಡಬಹುದು?

ಎಲ್ಲ ಎಲೆಗೂ ಈ ಮಾತು ಸಲ್ಲುವುದಿಲ್ಲ. ಸಕ್ಕರೆಯಿರುವ ವರ್ಜೀನಿಯಾ ವರ್ಷ ಕಳೆದಂತೆ ದುಂಡಗಾಗುತ್ತದೆ, ಪೆರೀಕ್ ಅದರೊಂದಿಗೆ ಬೆರೆಯುತ್ತದೆ. ಲಟಾಕಿಯಾದ ಹೊಗೆ ಮಾತ್ರ ಕುಂದುತ್ತ ಹೋಗುತ್ತದೆ. ನನಗೆ ಈ ಮಿಶ್ರಣ ಮೂರರಿಂದ ಐದು ವರ್ಷದ ನಡುವೆ ಹಿತ: ಹೊಗೆಯ ಒರಟು ಇಳಿದಿರುತ್ತದೆ, ಹೊಗೆಯೇ ಮಾಯವಾಗಿರುವುದಿಲ್ಲ. ಹೊಗೆಗಾಗಿಯೇ ಇದನ್ನು ಇಷ್ಟಪಡುವವರು ಕಾಯದೆ ಸೇದಲಿ. ತೆರೆಯದ ತಗಡಿನ ಡಬ್ಬಿಯನ್ನು ನಂಬಬೇಡಿ, ಉಪ್ಪು ಗಾಳಿಗೆ ಅಂಚಿನಲ್ಲಿ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾದರೂ ಸಾಕು. ಕಡಲಿಗೆ ಹತ್ತಿರದ ಮನೆಯಾದರೆ ಗಾಜಿಗೆ ಬದಲಿಸಿ, ಬಾಟಲಿಯ ಮೇಲೆ ತಿಂಗಳು, ವರ್ಷ ಬರೆದು, ಕತ್ತಲೆಯ ಕಪಾಟಿನಲ್ಲಿಡಿ. ಫ್ರಿಜ್ಜಿನಲ್ಲಿಟ್ಟು ಹೊರಗೆ ತೆಗೆದರೆ ಒಳಗೆ ಬೆವರುತ್ತದೆ.

ನನಗೆ ಹೊಗೆ ಸ್ವಲ್ಪ ಹೆಚ್ಚೆನಿಸುತ್ತದೆ. ಮನೆಯಲ್ಲೇ ಬೆರೆಸಿ ಕಡಿಮೆ ಮಾಡಬಹುದಾ?

ಮಾಡಬಹುದು, ಸುಲಭ ಕೂಡ. ಪರಿಮಳ ಹಾಕದ ಬರೀ ವರ್ಜೀನಿಯಾ ತೆಗೆದುಕೊಂಡು, ಮೂರು ಪಾಲು ಮಿಶ್ರಣಕ್ಕೆ ಒಂದು ಪಾಲು ಸೇರಿಸಿ. ಅಡುಗೆಮನೆಯ ಚಮಚ ಬೇಡ, ಚಿಕ್ಕ ತಕ್ಕಡಿಯಲ್ಲಿ ತೂಗಿ. ಎರಡರ ತೇವವೂ ಒಂದೇ ಹದದಲ್ಲಿರಬೇಕು, ಇಲ್ಲವಾದರೆ ಒಂದು ಎಲೆ ಉರಿದು ಇನ್ನೊಂದು ಹಸಿಯಾಗಿ ಉಳಿಯುತ್ತದೆ. ಬೆರೆಸಿದ ದಿನವೇ ಸೇದಿ ತೀರ್ಮಾನ ಮಾಡಬೇಡಿ. ಎರಡು ವಾರ ಮುಚ್ಚಿಟ್ಟು ನೋಡಿ. ವೆನಿಲಾ, ಚೆರ್ರಿ ಪರಿಮಳದ ತಂಬಾಕನ್ನು ಮಾತ್ರ ಇದಕ್ಕೆ ಸೇರಿಸಬಾರದು. ಲಟಾಕಿಯಾದೊಂದಿಗೆ ಅದು ಸೋಪಿನ ರುಚಿ ಕೊಡುತ್ತದೆ, ಪೈಪಿನಿಂದ ಆ ವಾಸನೆ ತೆಗೆಯಲು ಹತ್ತಿ, ಮದ್ಯ, ರಾತ್ರಿಗಳು ಬೇಕಾಗುತ್ತವೆ.